ತಟ್ಟೆಯ ಅಂಚಿನ ಹೆಸರು

ಪುಟ್ಟೀ, ಚಿನ್ನೂ,

ನಿಮ್ಮಮ್ಮನ ಪುಸ್ತಕದ ಕಪಾಟಿನಲ್ಲಿ, ಕೆಳಗಿನ ಸಾಲಿನ ಕೊನೆಗೆ, ಒಂದು ದಪ್ಪ ಪುಸ್ತಕವಿದೆ. ಅದರ ಬೆನ್ನು ಗೋಡೆಯ ಕಡೆಗಿರುತ್ತದೆ. ಒಮ್ಮೆ ಪುಟ್ಟಿ ಅದನ್ನು ಸರಿಯಾಗಿ ತಿರುಗಿಸಿಟ್ಟಿದ್ದಳು. ಸಂಜೆಯ ಹೊತ್ತಿಗೆ ಅದು ಮತ್ತೆ ಗೋಡೆ ನೋಡುತ್ತಿತ್ತು. "ಅಜ್ಜಿ, ಈ ಬುಕ್ ಯಾಕೆ ಉಲ್ಟಾ?" ಎಂದು, ಪುಟ್ಟೀ, ನೀನು ಕೇಳಿದಾಗ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ. ಹೆಚ್ಚುತ್ತಲೇ ಇದ್ದೆ. ನಾನು ಬಾಯಿ ಬಿಟ್ಟು ಮಾತಾಡುವವಳಲ್ಲ ಎಂಬುದು ನಿಮಗೆ ಗೊತ್ತು. ತರಕಾರಿ ಭಯ್ಯಾ ಬಾಗಿಲಿಗೆ ಬಂದರೂ ಬೆರಳು ತೋರಿಸಿ ಕೊಳ್ಳುವವಳು ನಾನು. ಹಾಗಾಗಿ ಬರೆಯುತ್ತಿದ್ದೇನೆ.

ಆ ಪುಸ್ತಕದ ಮೇಲೆ ಒಬ್ಬರ ಹೆಸರಿದೆ. ಅದನ್ನು ನನ್ನ ಕೈಯಿಂದ ಬರೆಯುವುದಿಲ್ಲ. ಇಷ್ಟು ವರ್ಷವಾದರೂ ಆ ಮನುಷ್ಯನ ಮೇಲಿನ ಸಿಟ್ಟು ನನ್ನಲ್ಲಿ ಆರಿಲ್ಲ. ಆರುವುದು ನನಗೆ ಬೇಕಾಗಿಯೂ ಇಲ್ಲ.

ನಿಮ್ಮ ತಾತ ಹೋದ ಮೇಲೆ ನಾನು ದೆಹಲಿಗೆ, ಮಯೂರ್ ವಿಹಾರದ ನಿಮ್ಮ ಮನೆಗೆ ಬಂದೆ. ಚಿನ್ನು ಆಗಿನ್ನೂ ತೊಟ್ಟಿಲಲ್ಲಿದ್ದ. ಮೆಟ್ರೋದ ಕಂಬಗಳು ಏಳುತ್ತಿದ್ದ ಕಾಲ. ರಸ್ತೆಯನ್ನೆಲ್ಲ ಅಗೆದು ಹಾಕಿದ್ದರು, ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ತೊಳೆದದ್ದಕ್ಕಿಂತ ಕೊಳೆಯಾಗಿ ಒಳಗೆ ಬರುತ್ತಿತ್ತು. ನಿಮ್ಮಪ್ಪ ಬೆಳಕು ಹರಿಯುವ ಮೊದಲೇ ಮಾನೇಸರ್‌ನ ಕಾರ್ಖಾನೆಗೆ ಹೊರಟುಬಿಡುತ್ತಿದ್ದರು. ನಿಮ್ಮಮ್ಮ ಯೂನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮಣ್ಣಿನಡಿಯಿಂದ ಹಳೆಯ ಕಾಲದ ಸಾಮಾನು ತೆಗೆದು, ಅದನ್ನು ಬಳಸಿದವರು ಹೇಗೆ ಬದುಕಿದ್ದರು ಎಂದು ತಿಳಿಯುವ ಓದು. ನನ್ನ ಓದು ಊರಿನ ಶಾಲೆಯ ಏಳನೇ ಕ್ಲಾಸಿಗೆ ಮುಗಿದಿತ್ತು. ಅವಳಿಗೊಬ್ಬ 'ಗೈಡ್' ಇದ್ದಾರೆ ಎಂದಾಗ, ಕುತುಬ್ ಮಿನಾರಿನಲ್ಲಿ ಛತ್ರಿ ಎತ್ತಿ ಹಿಡಿದು ಜನರನ್ನು ಕರೆದೊಯ್ಯುತ್ತಾರಲ್ಲ, ಅಂಥವರಿರಬೇಕು ಎಂದೇ ಬಹಳ ದಿನ ಅಂದುಕೊಂಡಿದ್ದೆ. ನಿಮ್ಮಮ್ಮ ಹೊಟ್ಟೆ ಹಿಡಿದು ನಕ್ಕಿದ್ದಳು.

ನಮ್ಮ ಕಟ್ಟಡದಲ್ಲಿ ಸಂಶೋಧನೆ ಮಾಡುವವರು ಬಹಳ ಜನ ಇದ್ದರು. ಎದುರು ಫ್ಲಾಟಿನ ಮಂಗಳೂರಿನ ಹುಡುಗಿ, ನೀವು 'ಮಚ್ಛರ್ ಆಂಟಿ' ಎನ್ನುತ್ತಿದ್ದವಳು, ಸೊಳ್ಳೆ ಸಾಕುತ್ತಿದ್ದಳು. ಲ್ಯಾಬಿನಲ್ಲಿ ಪರದೆ ಬಟ್ಟೆಯ ಪಂಜರದಲ್ಲಿಟ್ಟು ಅವಕ್ಕೆ ಸಕ್ಕರೆ ನೀರು ಕುಡಿಸುತ್ತಿದ್ದಳಂತೆ.

"ಸೊಳ್ಳೆಗೆ ಸಕ್ಕರೆ ನೀರೇನೇ?" ಎಂದೆ.

"ಹೌದಜ್ಜಿ. ಗಂಡು ಸೊಳ್ಳೆ ಕಚ್ಚುದೇ ಇಲ್ಲ ಮಾರಾಯ್ರೆ, ಪಾಪದ್ದು. ಕಚ್ಚುದು ಹೆಣ್ಣು ಮಾತ್ರ. ಅದೂ ಮೊಟ್ಟೆ ಇಡ್ಲಿಕ್ಕೆ, ಮಕ್ಕಳಿಗೋಸ್ಕರ."

ಮೇಲಿನ ಮಹಡಿಯಲ್ಲಿದ್ದ ಧಾರವಾಡದ ಹುಡುಗ ಹಳೆಯ ನಾಟಕ ಕಂಪನಿಗಳ ಪರದೆಗಳ ಬೆನ್ನು ಹತ್ತಿದ್ದ. ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ. ಯಾರು ಬರೆದರು, ಯಾವ ಬಣ್ಣ, ಎಲ್ಲಿಯ ಬಟ್ಟೆ ಎಂದು ಊರೂರು ತಿರುಗಿ ಹಳೆಯ ನಟರನ್ನು ಮಾತಾಡಿಸಿ ಬರುತ್ತಿದ್ದ. "ಎಲ್ಲಾ ಕಂಪನ್ಯಾಗೂ ಅರಮನಿ ಪರದಾ ಒಂದ ಇರ್ತದರಿ ಅಜ್ಜೀರ. ರಾಜಾ ಬದಲಾದ್ರೂ ಕಂಬ ಅವ ಇರ್ತಾವ್ರಿ" ಎಂದು ನಗುತ್ತಿದ್ದ. ಕೆಳಗಿನ ಮನೆಯ ಬಂಗಾಳಿ ಹೆಂಗಸು ಯಮುನೆಯ ನೀರನ್ನು ಬಾಟಲಿಯಲ್ಲಿ ತಂದು ಅದರಲ್ಲಿ ಏನೇನು ಕೊಳೆತಿದೆ ಎಂದು ನೋಡುವವರು. ಇನ್ನೊಬ್ಬರು ಹಳಗನ್ನಡದ ಒಂದೇ ಒಂದು ಅಕ್ಷರ ಯಾಕೆ ಬಳಕೆ ತಪ್ಪಿತು ಎಂದು ತಲೆ ಕೆಡಿಸಿಕೊಂಡಿದ್ದರು. ಶನಿವಾರ ಇವರಲ್ಲಿ ಒಬ್ಬರಲ್ಲ ಒಬ್ಬರು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ನಾನು ಅಡುಗೆಮನೆಯ ಬಾಗಿಲಿಗೆ ಆತು ನಿಂತು ಕೇಳುತ್ತಿದ್ದೆ. ಇಷ್ಟು ದೊಡ್ಡ ಮನುಷ್ಯರು ಸೊಳ್ಳೆ, ಪರದೆ, ಅಕ್ಷರ ಎಂದು ಇಷ್ಟು ಸಣ್ಣ ಸಂಗತಿಗಳ ಮೇಲೆ ಆಯುಸ್ಸು ಕಳೆಯುತ್ತಾರಲ್ಲ ಎಂದು ನನಗೆ ಬೆರಗು. ಬರಬರುತ್ತಾ ಅದು ನನಗೂ ರುಚಿಸತೊಡಗಿತು. ಯಾರು ಏನು ಹೊಸದಾಗಿ ಕಂಡುಕೊಂಡರು ಎಂದು ವಾರವೆಲ್ಲ ಕಾಯುತ್ತಿದ್ದೆ.

ನಿಮ್ಮಮ್ಮನ ಪಾಲಿಗೆ ಬಂದದ್ದು ಹರಿಯಾಣದ ಒಂದು ಮಣ್ಣಿನ ದಿಬ್ಬ. ಅಲ್ಲಿ ಹೆಬ್ಬೆರಳ ಗಾತ್ರದ, ಸುಟ್ಟ ಮಣ್ಣಿನ ಎತ್ತುಗಳು ರಾಶಿರಾಶಿ ಸಿಕ್ಕಿದ್ದವು. ಸೊಟ್ಟ ಕಾಲು, ಸೊಟ್ಟ ಕೊಂಬು. ಯಾವುದೋ ದೇವರಿಗೆ ಹರಕೆ ಒಪ್ಪಿಸಲು ಜನ ಅವಸರದಲ್ಲಿ ಮಾಡಿದವು ಎಂದು ಹಿರಿಯರೆಲ್ಲ ಬರೆದಿದ್ದರಂತೆ.

ಒಂದು ಬೆಳಿಗ್ಗೆ ನಾನು ಚಪಾತಿಗೆ ಹಿಟ್ಟು ಕಲಸುತ್ತಿದ್ದೆ. ಪುಟ್ಟೀ, ನಿನಗಾಗ ಐದು ತುಂಬಿತ್ತೋ ಇಲ್ಲವೋ. ನಿನ್ನ ಗಲಾಟೆ ತಡೆಯಲಾರದೆ ಒಂದು ಉಂಡೆ ಹಿಟ್ಟು ಕೊಟ್ಟೆ. ನೀನು ಅದನ್ನು ಎಳೆದು, ಹಿಸುಕಿ, ನಾಲ್ಕು ಕಾಲು ಎಬ್ಬಿಸಿ, ಬೆನ್ನ ಮೇಲೆ ಹೆಬ್ಬೆರಳು ಒತ್ತಿ ಎತ್ತಿನ ಹಿಣಿಲಿನ ಉಬ್ಬು ಮಾಡಿದೆ. ನಿಮ್ಮಮ್ಮ ಕಾಫಿ ಕುಡಿಯಲು ಒಳಗೆ ಬಂದವಳು ಅಲ್ಲೇ ನಿಂತುಬಿಟ್ಟಳು.

"ಅಮ್ಮಾ, ಅದನ್ನ ಮುಟ್ಟಬೇಡ!"

"ಯಾಕೇ, ಏನಾಯ್ತೇ?"

"ಮಕ್ಕಳು ಮಾಡಿದ್ದಮ್ಮ. ಅವೆಲ್ಲ ಮಕ್ಕಳು ಆಡೋಕೆ ಮಾಡಿಕೊಂಡಿದ್ದು!"

ಕೈಗೆ ಸಿಕ್ಕ ಒಂದು ಸ್ಟೀಲ್ ತಟ್ಟೆಯ ಮೇಲೆ ಆ ಎತ್ತನ್ನು ಜೋಪಾನವಾಗಿ ಇಟ್ಟಳು. ನಿಮ್ಮಪ್ಪನ ಕ್ಯಾಮೆರಾದಲ್ಲಿ ಫೋಟೋ ತೆಗೆದಳು. ಆಮೇಲೆ ಎಷ್ಟೋ ವಾರ ಸೊಳ್ಳೆಯ ಹುಡುಗಿಯ ಸೂಕ್ಷ್ಮದರ್ಶಕದ ಮುಂದೆ ಕೂತಳು. ಮಣ್ಣಿನ ಎತ್ತುಗಳ ಬೆನ್ನ ಮೇಲೆ ಬೆರಳಿನ ಗೆರೆಗಳು ಉಳಿದಿದ್ದವು. ದೊಡ್ಡವರ ಬೆರಳಿನ ಗೆರೆ ಅಗಲ, ಮಕ್ಕಳದು ಒತ್ತೊತ್ತು. ನಮ್ಮ ಕಟ್ಟಡದ ಮಕ್ಕಳನ್ನೆಲ್ಲ ಕರೆದು ಹಿಟ್ಟು ಒತ್ತಿಸಿ ಹೋಲಿಸಿ ನೋಡಿದಳು. ಅವಳ ಊಹೆ ನಿಜವಾಗಿತ್ತು.

ಆ ತಟ್ಟೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಮದುವೆ, ನಾಮಕರಣಗಳಿಗೆ ನೆಂಟರು ತರುವ ಉಡುಗೊರೆಗೆ ಮುಯ್ಯಿ ಎನ್ನುತ್ತಾರೆ. ಅವರ ಮನೆಯಲ್ಲಿ ಶುಭಕಾರ್ಯವಾದಾಗ ನಾವು ಅದನ್ನು ತಿರುಗಿ ಮಾಡಬೇಕು. ಪಾತ್ರೆ ಕೊಟ್ಟರೆ ಅದಕ್ಕೆ ಹೆಸರು ಹಾಕಿಸುವುದು ವಾಡಿಕೆ. ನಿಮ್ಮಮ್ಮನ ನಾಮಕರಣಕ್ಕೆ ನನ್ನ ಅಣ್ಣ ತಂದ ಮುಯ್ಯಿ ಆ ತಟ್ಟೆ. ಅಂಚಿನ ಮೇಲೆ ಚುಕ್ಕಿ ಚುಕ್ಕಿಯಾಗಿ ನಿಮ್ಮಮ್ಮನ ಹೆಸರು ಕೆತ್ತಿಸಿದ್ದ, ಕನ್ನಡದಲ್ಲಿ. ಅವಳು ಅನ್ನ ತಿನ್ನಲು ಕಲಿತದ್ದೇ ಅದರಲ್ಲಿ.

ಅವಳ ಪ್ರೊಫೆಸರು, ಆ ಗೈಡ್, ನಮ್ಮವರೇ, ಕನ್ನಡದವರು. ಕನ್ನಡಕವನ್ನು ಕೆಂಪು ದಾರಕ್ಕೆ ಕಟ್ಟಿ ಕೊರಳಲ್ಲಿ ಇಳಿಬಿಟ್ಟುಕೊಂಡಿರುತ್ತಿದ್ದರು. ಬಂದಾಗಲೆಲ್ಲ "ಅಮ್ಮಾ, ಡೆಲ್ಲಿಯಲ್ಲಿ ಊಟ ಅಂದರೆ ನಿಮ್ಮನೇದು" ಎನ್ನುವರು. ಎತ್ತುಗಳ ಗುಟ್ಟು ತಿಳಿದ ಮೇಲೆ ಅವರು ಊಟಕ್ಕೆ ಬಂದಾಗ ನಾನು ಹೋಳಿಗೆ ಮಾಡಿದ್ದೆ. ನಿಮ್ಮಮ್ಮ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು, ಕಂಪ್ಯೂಟರಿನಲ್ಲಿ ಫೋಟೋ ತೋರಿಸಿದಳು. ಅವರ ಕೈ ಎಲೆಯ ಮೇಲೆ ನಿಂತಿತು.

"ಬೇರೆ ಯಾರಿಗಾದರೂ ಹೇಳಿದೀಯೇನಮ್ಮ?"

"ಇಲ್ಲ ಸರ್. ನಿಮಗೇ ಮೊದಲು."

"ಅಚ್ಛಾ. ಸದ್ಯಕ್ಕೆ ಹೇಳಬೇಡ. ಫೋಟೋ ನನಗೆ ಕಳಿಸು, ನೋಡ್ತೀನಿ. ಅಮ್ಮಾ, ಇನ್ನೊಂದು ಹೋಳಿಗೆ ಹಾಕಿ!"

ಹಾಕಿದೆ. ಮೇಲೆ ತುಪ್ಪವನ್ನೂ ಹಾಕಿದೆ. ಆ ತುಪ್ಪ ಇವತ್ತಿಗೂ ನನ್ನ ಹೊಟ್ಟೆ ಉರಿಸುತ್ತದೆ.

ಚಳಿಗಾಲ ಕಳೆಯುವ ಹೊತ್ತಿಗೆ ಒಂದು ದೊಡ್ಡ ಸಭಾಂಗಣದಲ್ಲಿ ಅವರ ಭಾಷಣ ಏರ್ಪಾಡಾಯಿತು. ಗುರುಗಳ ಭಾಷಣ ಎಂದು ನಾವೆಲ್ಲ ಹೋದೆವು. ನಾನು ಚಿನ್ನುವನ್ನು ಮಡಿಲಲ್ಲಿಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತೆ. ಎಲ್ಲ ಇಂಗ್ಲಿಷು, ನನಗೆ ಒಂದಕ್ಷರ ತಿಳಿಯಲಿಲ್ಲ. ದೀಪ ಆರಿ ಪರದೆಯ ಮೇಲೆ ಚಿತ್ರಗಳು ಬರತೊಡಗಿದವು. ದಿಬ್ಬ, ಮಣ್ಣಿನ ಎತ್ತುಗಳು, ಬೆರಳ ಗೆರೆ. ಇದ್ದಕ್ಕಿದ್ದಂತೆ ನಮ್ಮ ತಟ್ಟೆ! ಗೋಡೆಯಷ್ಟು ದೊಡ್ಡದಾಗಿ ನಮ್ಮ ತಟ್ಟೆ, ಅದರ ನಡುವೆ ಪುಟ್ಟಿಯ ಹಿಟ್ಟಿನ ಎತ್ತು, ಅಂಚಿನಲ್ಲಿ ನನ್ನ ಮಗಳ ಹೆಸರು. ಅವಳನ್ನೇ ಹೊಗಳುತ್ತಿದ್ದಾರೆ ಎಂದುಕೊಂಡೆ. ಹಿಗ್ಗಿ ಹೋದೆ. ಕತ್ತಲಲ್ಲಿ ಒಬ್ಬಳೇ ನಗುತ್ತಾ ಪಕ್ಕಕ್ಕೆ ತಿರುಗಿ ಅವಳ ಮುಖ ನೋಡಿದೆ. ಅದರಲ್ಲಿ ರಕ್ತವೇ ಇರಲಿಲ್ಲ.

"ಏನಂತಿದಾರೋ?" ಎಂದು ಧಾರವಾಡದ ಹುಡುಗನನ್ನು ಕೇಳಿದೆ.

ಅವನು ನನ್ನ ಕಿವಿಯ ಹತ್ತಿರ ಬಗ್ಗಿದ. "ತಮ್ಮ ಮನಿ ಅಡಗಿ ಮನ್ಯಾಗ ಬೀಗರ ಕೂಸು ಹಿಟ್ಟಿನ ಎತ್ತು ಮಾಡಿತ್ತಂತರಿ. ಅದನ್ನ ನೋಡಿ ತಮಗ ಹೊಳೀತಂತ ಹೇಳಾಕತ್ತಾರ್ರಿ."

ಜನ ಚಪ್ಪಾಳೆ ತಟ್ಟಿದರು. ಚಿನ್ನು ಎಚ್ಚರಗೊಂಡು ಅತ್ತ.

ಮರುವರ್ಷ ಪುಸ್ತಕ ಬಂತು. ಅದೇ, ಗೋಡೆ ನೋಡುತ್ತಿರುವ ಪುಸ್ತಕ. ಅದರಲ್ಲಿಯೂ ಆ ಫೋಟೋ ಇದೆ. ಎತ್ತಿನ ಸುತ್ತ ದುಂಡಗೆ ಕತ್ತರಿಸಿದ್ದಾರೆ. ತಟ್ಟೆಯ ಅಂಚು ಇಲ್ಲ. ಭಾಷಣದ ದಿನ ಹೆಸರು ಕಾಣುವಂತೆ ಬಿಟ್ಟದ್ದು ಅಜಾಗರೂಕತೆ ಎನ್ನಬಹುದಿತ್ತು. ಪುಸ್ತಕಕ್ಕೆ ಕತ್ತರಿ ಆಡಿಸಿದ್ದು ಅಜಾಗರೂಕತೆಯಲ್ಲ. ಅವರು ಅಂಚಿನ ಮೇಲಿನ ಹೆಸರನ್ನು ಓದಿದ್ದರು. ಓದಿ ತೆಗೆದುಹಾಕಿದ್ದರು.

ನಿಮ್ಮಮ್ಮ ಅಳಲಿಲ್ಲ. "ಎಲ್ಲ ಕಡೆ ಇದೇ ಅಮ್ಮ. ನನ್ನ ಥೀಸಿಸ್‌ಗೆ ಅವರ ಸಹಿ ಬೇಕು. ಅವರು ಇಲ್ಲ ಅಂದರೆ ಇಷ್ಟು ವರ್ಷದ್ದೆಲ್ಲ ಮಣ್ಣು" ಎಂದಳು. ನಿಮ್ಮಪ್ಪನೂ "ಬಿಟ್ಟುಬಿಡಿ ಅತ್ತೆ, ಡಿಗ್ರಿ ಒಂದು ಕೈಗೆ ಬರಲಿ" ಎಂದರು. ಇಬ್ಬರೂ ಓದಿದವರು. ನಾನು ಹೂಂ ಎಂದೆ.

ಸೇಡು ತೀರಿಸಿಕೊಳ್ಳುವುದಕ್ಕೂ ನಮ್ಮ ಕನ್ನಡದಲ್ಲಿ ಮುಯ್ಯಿ ತೀರಿಸಿಕೊಳ್ಳುವುದು ಎನ್ನುತ್ತಾರೆ, ಮಕ್ಕಳೇ. ಉಡುಗೊರೆಗೂ ಸೇಡಿಗೂ ಒಂದೇ ಮಾತು. ಆ ತಟ್ಟೆಯನ್ನು ತೊಳೆಯುವಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತಿತ್ತು.

ನನ್ನ ಟ್ರಂಕಿನಲ್ಲಿ ನವರಾತ್ರಿಯ ಗೊಂಬೆಗಳಿದ್ದವು. ಪಟ್ಟದ ರಾಜ ರಾಣಿ, ದಿನಸಿ ಅಂಗಡಿಯ ಶೆಟ್ಟರು, ಇತ್ಯಾದಿ. ಪ್ರತಿವರ್ಷ ಡ್ರಾಯಿಂಗ್ ರೂಮಿನಲ್ಲಿ ಮೆಟ್ಟಿಲು ಕಟ್ಟಿ ಕೂರಿಸುತ್ತಿದ್ದೆವು. ದೆಹಲಿಯಲ್ಲಿ ಅದು ಅಪರೂಪ. ಕನ್ನಡದವರೆಲ್ಲ ನೋಡಲು ಬರುತ್ತಿದ್ದರು. ಅರಿಶಿನ ಕುಂಕುಮ ಕೊಡುವುದು ನಿಮ್ಮಮ್ಮ, ಜೋಡಿಸುವುದು ನಾನು. ಬಂದವರಿಗೆ ನಾನು ಕಾಣಿಸುತ್ತಿರಲಿಲ್ಲ, ಅಡುಗೆಮನೆಯಲ್ಲಿ ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ.

ಆ ವರ್ಷ ಧಾರವಾಡದ ಹುಡುಗನನ್ನು ಕರೆದು ಹೊಸ ಗೊಂಬೆ ಬೇಕು ಎಂದೆ. ಏನು ಬೇಕೆಂದು ಹೇಳಿದೆ.

"ಅಜ್ಜೀರ, ನಿಮ್ಮನ್ನ ನಾ ಭಾಳ ಸಾಧು ಅನ್ಕೊಂಡಿದ್ದೆ."

"ಆಗುತ್ತೋ ಇಲ್ಲವೋ ಹೇಳು."

"ಯಾಕಾಗೂದಿಲ್ರಿ! ಮೀಸಿ ಹೆಂಗಿರ್ಬೇಕು ಹೇಳ್ರಿ."

ಅವನೇ ಮಣ್ಣಿನಲ್ಲಿ ಮಾಡಿ, ಕುಂಬಾರರ ಭಟ್ಟಿಯಲ್ಲಿ ಸುಡಿಸಿ, ಬಣ್ಣ ಹಚ್ಚಿದ. ಹಿಂದೆ ಕಟ್ಟಲು ಒಂದು ಪುಟ್ಟ ಪರದೆಯನ್ನೂ ಬರೆದ, ಅದರಲ್ಲಿ ನಮ್ಮ ಕಟ್ಟಡ, ಮೆಟ್ರೋದ ಕಂಬ. ಸೊಳ್ಳೆಯ ಹುಡುಗಿ ತನ್ನ ಲ್ಯಾಬಿನ ತೆಳು ಸೂಜಿಯನ್ನು ಬಾಗಿಸಿ ಕನ್ನಡಕ ಮಾಡಿದಳು. ಅದಕ್ಕೆ ಕೆಂಪು ದಾರ ಕಟ್ಟಿದವಳು ನಾನು.

ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ. ಅದರ ಕೆಳಗೆ ನಮ್ಮ ಕಟ್ಟಡದ ವಿದ್ವಾಂಸರು: ಪಂಜರದ ಮುಂದೆ ಸೊಳ್ಳೆಯ ಹುಡುಗಿ, ಪರದೆಯ ಮುಂದೆ ಧಾರವಾಡದವನು, ಬಾಟಲಿ ಹಿಡಿದ ಬಂಗಾಳಿ ಹೆಂಗಸು, ದಿಬ್ಬ ಅಗೆಯುತ್ತಿರುವ ನಿಮ್ಮಮ್ಮ. ಎಲ್ಲಕ್ಕಿಂತ ಕೆಳಗೆ, ಮಕ್ಕಳ ಕಣ್ಣಿಗೂ ಬೀಳುವಂತೆ, ಎರಡು ನೋಟ. ಮೊದಲನೆಯದರಲ್ಲಿ ಒಬ್ಬ ಮನುಷ್ಯ ಎಲೆಯ ಮುಂದೆ ಹೋಳಿಗೆ ತಿನ್ನುತ್ತಿದ್ದಾನೆ. ನಿಮ್ಮಮ್ಮ ಕೈ ಚಾಚಿ ಏನೋ ಹೇಳುತ್ತಿದ್ದಾಳೆ, ಪುಟ್ಟಿ ಹಿಟ್ಟು ಹಿಸುಕುತ್ತಿದ್ದಾಳೆ. ಎರಡನೆಯದರಲ್ಲಿ ಅದೇ ಮನುಷ್ಯ ಮೈಕಿನ ಮುಂದೆ ಎದೆಯುಬ್ಬಿಸಿ ನಿಂತಿದ್ದಾನೆ. ಅವನ ಹಿಂದೆ, ಗೋಡೆಗೆ ಒರಗಿಸಿ, ನಿಜವಾದ ತಟ್ಟೆ. ಪುಟ್ಟಿಯಿಂದ ಮತ್ತೊಂದು ಹಿಟ್ಟಿನ ಎತ್ತು ಮಾಡಿಸಿ ಅದರ ಮುಂದೆ ಇಟ್ಟೆ. ಹುಣಸೆಹಣ್ಣು ಹಾಕಿ ಉಜ್ಜಿದ್ದರಿಂದ ತಟ್ಟೆಯ ಅಂಚಿನ ಹೆಸರು ಹೊಳೆಯುತ್ತಿತ್ತು.

ನಿಮ್ಮಮ್ಮ ಯೂನಿವರ್ಸಿಟಿಯಿಂದ ಬಂದು ನೋಡಿ ಕೂಗಿದಳು. "ಅಮ್ಮಾ, ಅವರು ಭಾನುವಾರ ಹೆಂಡತಿ ಜೊತೆ ಬರ್ತಿದಾರೆ! ತೆಗಿ, ಈಗಲೇ ತೆಗಿ!"

"ಕೂರಿಸಿ ಆಯ್ತು. ದೀಪ ಹಚ್ಚಿ ಆಯ್ತು. ಇನ್ನು ವಿಜಯದಶಮಿವರೆಗೂ ಗೊಂಬೆ ಕದಲಿಸಬಾರದು."

"ನೀನೇ ಬೇಕಂತ ಮಾಡಿದೀಯ!"

"ಹೌದು. ಬೇಕಂತಲೇ ಮಾಡಿದೀನಿ."

"ನನ್ನ ಥೀಸಿಸ್ ಏನಾಗುತ್ತೆ ಗೊತ್ತಾ?"

"ಪದ್ಧತಿ ಮುರಿಯೋ ಧೈರ್ಯ ಇದ್ರೆ ನೀನೇ ತೆಗಿ."

ದೇವರು ದಿಂಡರೆಂದರೆ ನಗುವ ಹುಡುಗಿ ಅವಳು. ಕೈ ಚಾಚಿದಳು. ರಾಜ ರಾಣಿಯನ್ನು ನೋಡಿದಳು. ನನ್ನಮ್ಮ, ನನ್ನಜ್ಜಿ ಕೂರಿಸಿದ ಗೊಂಬೆಗಳು ಅವು. ಕೈ ಹಿಂದಕ್ಕೆ ತೆಗೆದುಕೊಂಡಳು.

ಭಾನುವಾರ ಮನೆ ತುಂಬಿತ್ತು. ಗೈಡ್ ಅವರ ವಿದ್ಯಾರ್ಥಿಗಳೇ ಬಾಗಿಲತನಕ ಇದ್ದರು. ಗೈಡ್ ಹೆಂಡತಿಯ ಜೊತೆ ಬಂದಾಗ ನಾನು ಮೊದಲ ಸಲ ಅಡುಗೆಮನೆಯಿಂದ ಹೊರಗೆ ಬಂದು ಗೋಡೆಯ ಪಕ್ಕ ನಿಂತೆ. ಅವರು ಮೇಲಿನಿಂದ ನೋಡುತ್ತಾ ಬಂದರು. "ವಾಹ್, ಸೊಳ್ಳೆ! ವಾಹ್, ಪರದೆ!" ಕೆಳಗಿನ ಮೆಟ್ಟಿಲಿಗೆ ಬಂದಾಗ ಕೈ ತಾನಾಗಿ ಕೊರಳಿನ ಕೆಂಪು ದಾರಕ್ಕೆ ಹೋಯಿತು. ಮುಟ್ಟಬಾರದಿತ್ತು. ಎಲ್ಲರೂ ಮೊದಲು ಅವರ ದಾರವನ್ನು, ಆಮೇಲೆ ಗೊಂಬೆಯ ದಾರವನ್ನು ನೋಡಿದರು.

ಅವರ ಹೆಂಡತಿ ಬಗ್ಗಿ ತಟ್ಟೆ ನೋಡಿದರು. "ರೀ, ನಿಮ್ಮ ಭಾಷಣದಲ್ಲಿ ತೋರಿಸಿದ್ದು ಇದೇ ತಟ್ಟೆ ಅಲ್ವೇನ್ರೀ? ನಾನು ಆವತ್ತೇ ಹೇಳಿದೆ, ಇದು ನಮ್ಮನೇದಲ್ಲ ಅಂತ. ನಿನಗೆ ಮರೆವು ಅಂದ್ರಿ. ಎಲ್ಲ ಕಪಾಟೂ ಹುಡುಕಿದೆನಲ್ಲ ನಾನು!" ಆಮೇಲೆ ಕಣ್ಣು ಕಿರಿದು ಮಾಡಿ, ಅಂಚಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದರು.

ಆಕೆ ಮುಗ್ಧೆಯೋ ಜಾಣೆಯೋ ನನಗೆ ಇವತ್ತಿಗೂ ತಿಳಿದಿಲ್ಲ.

ಪುಟ್ಟೀ, ಆಗ ನೀನು ಮುಂದೆ ನುಗ್ಗಿದೆ. "ಅಂಕಲ್, ಯೇ ಮೇರಾವಾಲಾ ಹೈ! ಫೋಟೋದಲ್ಲಿದ್ದಿದ್ದೂ ನಾನೇ ಮಾಡಿದ್ದು!" ಯಾರೂ ನಿನಗೆ ಹೇಳಿಕೊಟ್ಟಿರಲಿಲ್ಲ.

"ಅಚ್ಛಾ, ಅಚ್ಛಾ… ಟೈಮಾಯ್ತು" ಎಂದು ಅವರು ಬಾಗಿಲ ಕಡೆ ತಿರುಗಿದರು.

"ಉಸಲಿ ತಿಂದು ಹೋಗಿ ಸರ್. ಇದೇ ತಟ್ಟೆಯಲ್ಲಿ ಕೊಡ್ಲಾ?" ಎಂದಳು ಸೊಳ್ಳೆಯ ಹುಡುಗಿ. ಹಿಂದಿನಿಂದ ಯಾರೋ ವಿದ್ಯಾರ್ಥಿ ಕಿಸಕ್ಕೆಂದ. ಅವರು ನನ್ನ ಮುಂದೆಯೇ ಹಾದುಹೋಗಬೇಕಿತ್ತು. ನಾನು ತಲೆ ತಗ್ಗಿಸಲಿಲ್ಲ. ಅವರೇ ತಗ್ಗಿಸಿದರು. ಹೆಣ್ಣು ಸೊಳ್ಳೆ ಯಾಕೆ ಕಚ್ಚುತ್ತದೆ ಎಂದು ಆ ಹುಡುಗಿ ಹೇಳಿದ್ದು ನನಗೆ ಆಗ ನೆನಪಾಯಿತು.

ಅವರು ಥೀಸಿಸ್ ತಡೆಹಿಡಿಯುತ್ತಾರೆಂದು ನಿಮ್ಮಮ್ಮ ನಿದ್ದೆಗೆಟ್ಟಳು. ನನ್ನ ಜೊತೆ ಮಾತು ಬಿಟ್ಟಳು. "ಸಂಶೋಧನೆಯಲ್ಲಿ ಹೀಗೆಲ್ಲ ಮಾಡಬಾರದಮ್ಮ" ಎಂದದ್ದೇ ಕೊನೆ. ಆದರೆ ದೀಪಾವಳಿಗೆ ಮೊದಲೇ ಸಹಿಯಾಗಿ ಬಂತು, ಒಂದು ಅಕ್ಷರವನ್ನೂ ತಿದ್ದದೆ. ತಡೆದರೆ ಯಾಕೆ ತಡೆದರೆಂದು ಇಡೀ ವಿಭಾಗಕ್ಕೆ ಗೊತ್ತಾಗುತ್ತಿತ್ತಲ್ಲ. ಅವಳು ಡಾಕ್ಟರ್ ಆದಳು, ಗ್ರೇಟರ್ ನೋಯ್ಡಾದ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದಳು. ಪುಸ್ತಕ ಮಾತ್ರ ಹಾಗೇ ಉಳಿಯಿತು. ಅದರಲ್ಲಿ ಅವಳ ಹೆಸರು ಇವತ್ತಿಗೂ ಇಲ್ಲ.

ಆದರೆ ಆ ಮನುಷ್ಯನಿಗೆ ಒಂದು ಹೊಸ ಹೆಸರು ಬಂತು. ವಿದ್ಯಾರ್ಥಿಗಳು ಬೆನ್ನ ಹಿಂದೆ 'ಥಾಲೀವಾಲೇ ಸರ್', ಅಂದರೆ ತಟ್ಟೆಯ ಸರ್, ಎನ್ನತೊಡಗಿದರು. ಕನ್ನಡ ಬಾರದವರೂ ಹಾಗೇ ಅಂದರು, ಯಾಕೆಂದು ಕೇಳಿ ತಿಳಿದುಕೊಂಡರು, ಮುಂದಿನ ವರ್ಷ ಸೇರಿದವರಿಗೆ ಹೇಳಿದರು. ಅವರು ನಿವೃತ್ತರಾಗುವವರೆಗೂ ಆ ಹೆಸರು ಬಿಡಲಿಲ್ಲವಂತೆ. ಅದನ್ನು ಕೇಳಿದ ದಿನ ನಾನು ಹೋಳಿಗೆ ಮಾಡಿ, ತುಪ್ಪ ಹಾಕಿಕೊಂಡು ತಿಂದೆ.

ನಿಮ್ಮಮ್ಮ ಅವರನ್ನು ಕ್ಷಮಿಸಿದ್ದಾಳೆ. ಪುಸ್ತಕವನ್ನು ಗೋಡೆಗೆ ತಿರುಗಿಸಿಡುವುದು ನಾನು.

ಗೊಂಬೆಗಳು ಮುಂದೆ ನಿಮ್ಮವು. ಪ್ರತಿ ನವರಾತ್ರಿಗೂ ಕೆಂಪು ದಾರದ ಆ ಮನುಷ್ಯನನ್ನು ಕೆಳಗಿನ ಮೆಟ್ಟಿಲಲ್ಲೇ ಕೂರಿಸಬೇಕು, ಹಿಂದೆ ತಟ್ಟೆ ಇರಬೇಕು. ನಾನಿಲ್ಲವೆಂದು ಅವನನ್ನು ಟ್ರಂಕಿನಲ್ಲೇ ಬಿಡಬೇಡಿ. ಸುಟ್ಟ ಮಣ್ಣು ಸಾವಿರಾರು ವರ್ಷ ಬಾಳುತ್ತದೆ ಎನ್ನುತ್ತಾಳೆ ನಿಮ್ಮಮ್ಮ. ನನ್ನ ಹೆದರಿಕೆಯೂ ಅದೇ. ಮುಂದೆಂದೋ ಈ ಮಯೂರ್ ವಿಹಾರ್ ಒಂದು ದಿಬ್ಬವಾಗಿ, ಯಾರೋ ಅಗೆದು, ಆ ಗೊಂಬೆ ಸಿಕ್ಕಿ, ಕೊರಳಲ್ಲಿ ದಾರವಿದ್ದ ಗುರುತು ಕಂಡು, ಇದು ಈ ಜನ ಪೂಜಿಸುತ್ತಿದ್ದ ದೇವರು ಎಂದು ಬರೆದುಬಿಟ್ಟರೆ?

ಅದಕ್ಕೆ ಈ ಹಾಳೆಗಳು ಅವನ ಪಕ್ಕದಲ್ಲೇ ಇರಲಿ. ಬೇರೆ ಗೊಂಬೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಇವುಗಳಲ್ಲಿ ಸುತ್ತಬೇಡಿ. ನುಸಿ ಗುಳಿಗೆ ಹಾಕಿಡಿ. ಹಾಳೆ ಹಳದಿಯಾಗಿ ಮುರಿಯುವಂತಾದರೆ ಹೊಸ ಹಾಳೆಗೆ ನೋಡಿ ಬರೆಯಿರಿ, ಒಂದು ಸಾಲೂ ಬಿಡದೆ. ಕನ್ನಡ ಬರೆಯಲು ಕೈ ತಡವರಿಸಿದರೆ ತಟ್ಟೆಯ ಅಂಚಿನಿಂದ ಶುರು ಮಾಡಿ. ಅಲ್ಲಿರುವುದು ನಿಮ್ಮಮ್ಮನ ಹೆಸರು.